ನೀವು ಬೇಡವೆಂದ ಚಹಾದ ವಿಚಾರ

ಯಾರು ತಾಯಿಯಾಗಬಹುದು, ಯಾರು ಆಗಬಾರದು ಎಂಬುದನ್ನು ಒಂದೇ ಭೇಟಿಯಲ್ಲಿ ತೀರ್ಮಾನಿಸಬಲ್ಲ ಮಕ್ಕಳ ಪಾಲನಾ ಕಚೇರಿಯ ಮುಖ್ಯಸ್ಥೆಯವರಿಗೆ, ಸಫಿ ಪಟ್ಟಣದ ನಿವಾಸಿಯೊಬ್ಬಳಿಂದ

ಮಾನ್ಯರೇ,

ನಮ್ಮ ಮನೆಗೆ ಬಂದ ದಿನ ನಾನು ನಿಮಗೆ ಚಹಾ ಕುಡಿಸಲಿಲ್ಲ ಎಂಬ ಕಾರಣಕ್ಕೆ ನನ್ನ ಆರು ವರ್ಷದ ಮಗಳನ್ನು ನನ್ನಿಂದ ಬಿಡಿಸಿ ಅನಾಥಾಲಯಕ್ಕೆ ವಾಪಸು ಕಳಿಸಬೇಕೆಂದು ನೀವು ಶಿಫಾರಸು ಮಾಡಿದ್ದೀರಿ. ಬರುವ ಸೋಮವಾರ ನ್ಯಾಯಾಧೀಶರು ಅದನ್ನು ಕೈಗೆತ್ತಿಕೊಳ್ಳುತ್ತಾರೆ. ನಿಮ್ಮ ವರದಿಯಲ್ಲಿ ವಿಷಯ ಇಷ್ಟು ಸರಳವಾಗಿಲ್ಲ, ಒಪ್ಪುತ್ತೇನೆ. ಅಲ್ಲಿ 'ಆದರಾತಿಥ್ಯದ ಅಭಾವ' ಇದೆ, 'ಭಾವನಾತ್ಮಕ ಸ್ಪಂದನೆಯ ಕೊರತೆ' ಇದೆ, 'ಅರ್ಜಿದಾರಳು ಸ್ವತಃ ಆಟಿಸಂ ಉಳ್ಳವಳು' ಎಂಬ ಸಾಲಿನ ಕೆಳಗೆ ದಪ್ಪನೆಯ ಗೆರೆ ಇದೆ. ಗೆರೆ ಎಳೆದವರ ಕೈ ತುಂಬ ನೇರವಾಗಿದೆ, ಅಭಿನಂದನೆಗಳು. ಆದರೆ ಈ ದೊಡ್ಡ ದೊಡ್ಡ ಪದಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ನೋಡಿದರೆ ತಳದಲ್ಲಿ ಸಿಗುವುದು ಒಂದು ಲೋಟ ಪುದೀನ ಚಹಾ. ಹಾಗಾಗಿ ಅದರ ಬಗ್ಗೆಯೇ ಮಾತಾಡೋಣ.

ಈ ಪತ್ರವನ್ನು ಪತ್ರಿಕೆಯಲ್ಲಿ ಓದುವವರಿಗೆ ನಾನು ಯಾರೆಂದು ತಿಳಿಯಲಿ. ಹೆಸರು ಬತೂಲ್. ಹಳೇ ಊರಿನ ಗೋಡೆಯ ಪಕ್ಕದ ಓಣಿಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತೇನೆ, ಅಪ್ಪ ಬಿಟ್ಟುಹೋದ ಅಂಗಡಿ. ಕೆಳಗೆ ಯಂತ್ರಗಳು, ಮೇಲೆ ನಾವು ಮೂವರು. ಮದುವೆಯಾಗಿಲ್ಲ. ಎರಡು ಮಕ್ಕಳನ್ನು ಕಫಾಲಾದ ಮೇಲೆ ಸಾಕುತ್ತಿದ್ದೇನೆ. ಅಂದರೆ ಸಾಕುವ ಹಕ್ಕು ನನ್ನದು, ಆ ಹಕ್ಕಿಗೆ ತಕ್ಕಂತೆ ನೆಟ್ಟಗೆ ನಡೆದುಕೊಳ್ಳುತ್ತಿದ್ದೇನೆಯೇ ಎಂದು ಆಗಾಗ ಬಂದು ಇಣುಕುವ ಹಕ್ಕು ನಿಮ್ಮದು. ಮಗ ಇದ್ರಿಸನಿಗೆ ಹನ್ನೊಂದು, ಅವನ ಕಾಗದಪತ್ರ ಎಂದೋ ಮುಗಿದಿದೆ. ಮಗಳ ವಿಷಯ ಮಾತ್ರ ಇನ್ನೂ ಪರೀಕ್ಷೆಯ ಅವಧಿಯಲ್ಲಿದೆ. ಅವಳನ್ನು ಇಲ್ಲಿ ನುಹೈಲಾ ಎಂದು ಕರೆಯುತ್ತೇನೆ. ಅದು ಅವಳ ನಿಜವಾದ ಹೆಸರಲ್ಲ. ಯಾಕೆ ಬದಲಿಸಿದೆ ಎಂದು ಮುಂದೆ ಹೇಳುತ್ತೇನೆ.

ಮೊದಲು ನನ್ನ ಅಪರಾಧದ ವಿಚಾರ. ನನಗೆ ಆಟಿಸಂ ಇರುವುದನ್ನು ನಿಮ್ಮ ಕಚೇರಿ ಯಾವುದೋ ಚಾಣಾಕ್ಷ ತನಿಖೆಯಿಂದ ಪತ್ತೆ ಹಚ್ಚಿದೆ ಎಂದು ಜನ ಅಂದುಕೊಳ್ಳದಿರಲಿ. ನಾನೇ ಬಂದು ಹೇಳಿದ್ದು. ಇದ್ರಿಸನನ್ನು ಕಾಸಾಬ್ಲಾಂಕಾದ ಡಾಕ್ಟರಮ್ಮನ ಬಳಿ ಕರೆದುಕೊಂಡು ಹೋಗಿದ್ದೆ. ಅವನಿಗೆ ಗದ್ದಲ ಆಗುವುದಿಲ್ಲವೇ, ಬಟ್ಟೆಯ ಹೊಲಿಗೆ ಚುಚ್ಚುತ್ತದೆಯೇ, ದಿನವೂ ಒಂದೇ ದಾರಿಯಲ್ಲಿ ಹೋಗಬೇಕೆಂದು ಹಟ ಮಾಡುತ್ತಾನೆಯೇ ಎಂದು ಆಕೆ ಕೇಳುತ್ತಾ ಹೋದರು. ನಾನು ಪ್ರತಿಯೊಂದಕ್ಕೂ, "ಹೌದು, ಅದರಲ್ಲೇನಿದೆ, ಎಲ್ಲರಿಗೂ ಹಾಗೇ ತಾನೆ?" ಅನ್ನುತ್ತಿದ್ದೆ. ಕೊನೆಗೆ ಆಕೆ ಪೆನ್ನು ಕೆಳಗಿಟ್ಟರು.

"ಎಲ್ಲರಿಗೂ ಹಾಗಲ್ಲ ಬತೂಲ್. ನಿಮ್ಮಿಬ್ಬರಿಗೆ ಹಾಗೆ," ಅಂದರು.

ಹೊರಗೆ ಬಂದು ಬಸ್ಸಿಗೆ ಕಾಯುವಾಗ ನಾನು ಅತ್ತುಬಿಟ್ಟೆ. ದುಃಖಕ್ಕಲ್ಲ. ಇಷ್ಟು ವರ್ಷ ನಾನು ಸೊಕ್ಕಿನವಳು, ಕಲ್ಲಿನಂಥವಳು, ಗಂಡು ಸಿಗದ್ದಕ್ಕೆ ಹೀಗಾದವಳು ಎಂದು ಕೇಳಿಸಿಕೊಂಡು ಬಂದಿದ್ದೆ. ಅದಕ್ಕೊಂದು ಮರ್ಯಾದೆಯ ಹೆಸರು ಇದೆ ಎಂದು ಅಂದು ಗೊತ್ತಾಯಿತು. ಆ ಸಂತೋಷವನ್ನು ತಡೆದುಕೊಳ್ಳಲಾರದೆ ನಿಮ್ಮ ಕಚೇರಿಗೂ ತಿಳಿಸಿದೆ. ಪ್ರಾಮಾಣಿಕತೆಗೆ ನೀವು ಕೊಡುವ ಬಹುಮಾನ ಇಷ್ಟು ದೊಡ್ಡದಿರುತ್ತದೆ ಎಂದು ಗೊತ್ತಿರಲಿಲ್ಲ.

ಒಂದು ಸಣ್ಣ ಸಂದೇಹ, ಮಾನ್ಯರೇ. ಇದ್ರಿಸ್ ಮಾತಾಡುತ್ತಿಲ್ಲ ಎಂದು ಅನಾಥಾಲಯದಲ್ಲಿ ಅವನ ಮಂಚದ ಪಕ್ಕದಲ್ಲೇ ನಿಂತು ತಲೆ ಅಲ್ಲಾಡಿಸಿ ಹೋದ ದಂಪತಿಗಳಿಗೆಲ್ಲ ಆಟಿಸಂ ಇರಲಿಲ್ಲ, ಅಲ್ಲವೇ? ನುಹೈಲಾಳನ್ನು ಮನೆಗೊಯ್ದು, ಅಳತೆಗೆ ಸರಿಹೋಗದ ಚಪ್ಪಲಿಯ ಹಾಗೆ ಹಿಂದಿರುಗಿಸಿದ ಎರಡು ಮನೆಗಳವರೂ ಆರೋಗ್ಯವಂತರೇ ಇದ್ದರು. ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಿದ್ದರು, ನಿಮ್ಮ ಸಿಬ್ಬಂದಿಯ ಮಕ್ಕಳ ಯೋಗಕ್ಷೇಮ ವಿಚಾರಿಸುತ್ತಿದ್ದರು, ಬಾಗಿಲಲ್ಲೇ ತಬ್ಬಿ ಮುದ್ದಿಡುತ್ತಿದ್ದರು. ಅವರಿಗೆಲ್ಲ ನಿಮ್ಮ ಕಚೇರಿ ಯೋಗ್ಯತೆಯ ಮುದ್ರೆ ಒತ್ತಿತ್ತು. ಯಾರಿಗೂ ಬೇಡವಾದ ಇಬ್ಬರನ್ನು ಕೊಡುವಾಗ ನನ್ನ ಯೋಗ್ಯತೆ ನಿಮಗೆ ಸಾಕಾಗಿತ್ತು. ಆ ಮಕ್ಕಳು ನಗಲು ಕಲಿತ ಮೇಲೆ ಸಾಲದಾಯಿತೇ?

ಎರಡನೆಯ ಮನೆಯಲ್ಲಿ ನುಹೈಲಾಳನ್ನು ಪ್ರೀತಿಯಿಂದ ನೋಡಿಕೊಂಡರಂತೆ. ಎಷ್ಟು ಪ್ರೀತಿಯೆಂದರೆ ಊಟ ಬೇಡವೆಂದರೆ ಮೂಗು ಹಿಸುಕಿ, ಬಾಯಿ ತೆರೆದ ಕೂಡಲೇ ತುತ್ತು ತುರುಕುತ್ತಿದ್ದರು. ಅವಳು ಕಚ್ಚಿದಳು. ಹಾಗಾಗಿ 'ಕಚ್ಚುವ ಮಗು' ಎಂಬ ಷರಾದೊಂದಿಗೆ ವಾಪಸು ಬಂದಳು. ನನ್ನ ಮನೆಗೆ ಬಂದಾಗ ನಾಲ್ಕು ವರ್ಷ. ಯಾರಾದರೂ ತಟ್ಟೆ ಹಿಡಿದು ಹತ್ತಿರ ಬಂದರೆ ಎರಡೂ ಕೈಗಳಿಂದ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಆಗ ನಾವು ಮೂವರೂ ಕೂತು ಮನೆಗೊಂದು ಕಾನೂನು ಮಾಡಿಕೊಂಡೆವು. ನಮ್ಮ ಮನೆಯಲ್ಲಿ ಯಾರಾದರೂ ಬೇಡ ಅಂದರೆ ಬೇಡ. ಎರಡನೇ ಸಲ ಕೇಳುವಂತಿಲ್ಲ. ಬೇಕು ಅನ್ನಿಸಿದಾಗ ಅವರೇ ಬಂದು ಕೇಳಬೇಕು, ಆಗ ಇಲ್ಲವೆನ್ನುವಂತಿಲ್ಲ.

ಈ ಕಾನೂನು ನಮ್ಮ ಊರಿನಲ್ಲಿ ಎಂಥ ರಾಜದ್ರೋಹ ಎಂದು ನಿಮಗೆ ಹೇಳಬೇಕಾಗಿಲ್ಲ. ಅತಿಥಿ ಬೇಡ ಅನ್ನಬೇಕು, ಮನೆಯವರು ಆಣೆ ಹಾಕಬೇಕು. ಅತಿಥಿ ಮತ್ತೆ ಬೇಡ ಅನ್ನಬೇಕು, ಮನೆಯವರು ಮುನಿಸಿಕೊಳ್ಳಬೇಕು. ಮೂರನೇ ಸಲಕ್ಕೆ ಅತಿಥಿ ನಿಟ್ಟುಸಿರು ಬಿಟ್ಟು, ನಿಮ್ಮ ಬಲವಂತಕ್ಕಾಗಿ ಎಂದು ಹೇಳಿ ಲೋಟಕ್ಕೆ ಕೈ ಚಾಚಬೇಕು. ನನಗೂ ಇದೆಲ್ಲ ಗೊತ್ತು. ಹುಟ್ಟಿನಿಂದ ಬಾರದವರು ಕಲಿತುಕೊಳ್ಳುತ್ತೇವೆ. ನಾನು ಇದನ್ನು ಯಂತ್ರಕ್ಕೆ ದಾರ ಪೋಣಿಸುವ ಕ್ರಮದ ಹಾಗೆ ಕಲಿತಿದ್ದೆ.

ನಮ್ಮ ಎದುರು ಮನೆಯ ಲಲ್ಲಾ ತಾಮು ಈ ಬಲವಂತದ ವಿದ್ಯೆಯಲ್ಲಿ ಪಂಡಿತೆ. ಆಕೆಯ ಮನೆಗೆ ಹೋಗಿ ಹಸಿವಿಟ್ಟುಕೊಂಡು ಹೊರಬಂದವರಿಲ್ಲ. ನುಹೈಲಾ ಬಂದ ಹೊಸದರಲ್ಲಿ ಒಂದು ಬಟ್ಟಲು ಹರೀರಾ ಸಾರು ತಂದು, "ಕುಡಿ ನನ್ನ ಕಂದ, ಒಂದೇ ಗುಟುಕು, ನನ್ನಾಣೆ, ನಾನು ಸಾಯ್ತೀನಿ ನೋಡು" ಎಂದು ಶುರುಮಾಡಿದರು. ಇದ್ರಿಸ್ ಅಡ್ಡ ಕೈ ಇಟ್ಟ. ಅವರನ್ನು ಅವನು ಖಾಲ್ತಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವುದು.

"ಅವ್ಳು ಬೇಡ ಅಂದ್ಲು ಖಾಲ್ತಿ. ಇಲ್ಲಿ ಎರಡ್ನೇ ಸಲ ಕೇಳೋ ಹಾಗಿಲ್ಲ."

"ಯಾವನೋ ಅದು ಕಾನೂನ್ ಮಾಡಿದ್ದು? ಅರಮನೆಯಿಂದ ಬಂತಾ?"

"ಇಲ್ಲ. ಅಡುಗೆಮನೆಯಿಂದ."

ಲಲ್ಲಾ ತಾಮು ಮುಖ ಊದಿಸಿಕೊಂಡು ಹೋದರು. ಹಲವು ದಿನ ನಮ್ಮ ಕಿಟಕಿಯ ಕಡೆಗೂ ನೋಡಲಿಲ್ಲ. ಆಮೇಲೆ ಒಂದು ಸಂಜೆ ಮತ್ತೆ ಬಟ್ಟಲು ಹಿಡಿದು ಬಂದು, ಒಂದೇ ಒಂದು ಸಲ ಕೇಳಿ, ಬೇಡ ಅನ್ನಿಸಿಕೊಂಡು, ತುಟಿ ಕಚ್ಚಿಕೊಂಡು ಮೂಲೆಯಲ್ಲಿ ಕೂತರು. ಪಾಪ, ಆ ಸುಮ್ಮನಿರುವ ಕಷ್ಟ ಅವರ ಮುಖದಲ್ಲಿ ಕಾಣುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ನುಹೈಲಾ ತಾನು ಯಾವಾಗಲೂ ಅಡಗುವ ಮೇಜಿನ ಕೆಳಗಿನಿಂದ ಹೊರಗೆ ಬಂದಳು. ಬಟ್ಟಲೊಳಗೆ ಬೆರಳು ಹಾಕಿ ಒಂದು ಕಡಲೆಕಾಳು ತೆಗೆದಳು, ಒರೆಸಿದಳು, ತಿಂದಳು. ಲಲ್ಲಾ ತಾಮು ತಲೆವಸ್ತ್ರದ ತುದಿಯಲ್ಲಿ ಮುಖ ಮುಚ್ಚಿಕೊಂಡರು. ಅಂದಿನಿಂದ ಅವರು ಸಾರಿನಿಂದ ಕಡಲೆಕಾಳನ್ನು ಬೇರೆ ಮಾಡಿ, ತೊಳೆದು, ಪುಟ್ಟ ಬಟ್ಟಲಲ್ಲಿ ತರುತ್ತಾರೆ.

ಇನ್ನು ನಿಮ್ಮ ಭೇಟಿಯ ದಿನ. ನೀವು ಬರುವುದು ಗೊತ್ತಿದ್ದರಿಂದ ಲಲ್ಲಾ ತಾಮು ಬಾದಾಮಿ ಕಡುಬು ಮಾಡಿಕೊಟ್ಟಿದ್ದರು. ನಿಮ್ಮ ಜೊತೆ ನಮ್ಮ ಓಣಿಯ ಮುಕದ್ದಮರೂ ಬಂದಿದ್ದರು. ಯಾರ ಮನೆಗೆ ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು ಎಂದು ಸರ್ಕಾರಕ್ಕೆ ತಿಳಿಸುವುದೇ ಅವರ ಉದ್ಯೋಗ. ನಿಮ್ಮನ್ನು ಕೂರಿಸಿದೆ. ನನಗೆ ಎದುರಿಗಿರುವವರ ಕಣ್ಣು ನೋಡಿದರೆ ಅವರ ಮಾತು ಕೇಳಿಸುವುದಿಲ್ಲ, ಹಾಗಾಗಿ ನಿಮ್ಮ ಕೋಟು ನೋಡುತ್ತಾ ಮಾತಾಡಿದೆ. 'ದೃಷ್ಟಿ ತಪ್ಪಿಸುತ್ತಾಳೆ' ಎಂದು ನೀವು ಬರೆದುಕೊಂಡಿರಿ. ಎರಡನೇ ಗುಂಡಿಯ ದಾರ ಸಡಿಲವಾಗಿತ್ತು, ಹೊಲಿಸಿಕೊಂಡಿದ್ದೀರಿ ಎಂದು ಭಾವಿಸುತ್ತೇನೆ.

ಚಹಾದ ತಟ್ಟೆ ತಂದಿಟ್ಟೆ. ನೀವು ಎದೆಯ ಮೇಲೆ ಕೈ ಇಟ್ಟುಕೊಂಡಿರಿ.

"ಅಯ್ಯೋ ಬೇಡಮ್ಮ, ಅಲ್ಲಾನ ಆಣೆ, ಈಗಷ್ಟೇ ಊಟ ಮುಗಿಸ್ಕೊಂಡ್ ಬಂದ್ವಿ."

"ನಂಗೂ ಬೇಡ," ಅಂದರು ಮುಕದ್ದಮರು, ಕಡುಬಿನ ಮೇಲಿಂದ ಕಣ್ಣು ತೆಗೆಯದೆ.

ಆಗ ಏನು ಮಾಡಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು, ಮಾನ್ಯರೇ. ಆಣೆ ಬಾಯಿಯ ತುದಿಯಲ್ಲಿತ್ತು. ಅಷ್ಟರಲ್ಲಿ ಮೇಜಿನ ಕೆಳಗೆ ನುಹೈಲಾ ಕಾಣಿಸಿದಳು. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ಈ ಹೆಂಗಸು ಬೇಡ ಅಂದಿದ್ದಾಳೆ, ಯಮ್ಮಾ ಈಗ ಏನು ಮಾಡುತ್ತಾಳೆ ಎಂದು. ದೊಡ್ಡವರಿಗೊಂದು, ಚಿಕ್ಕವರಿಗೊಂದು ಕಾನೂನು ಇದೆಯೋ ಎಂದು ತಿಳಿದುಕೊಳ್ಳಲು ಅವಳಿಗೆ ಅದಕ್ಕಿಂತ ಒಳ್ಳೆಯ ಸಂದರ್ಭ ಸಿಗುತ್ತಿರಲಿಲ್ಲ. ಒಂದು ಕಡೆ ನಿಮ್ಮ ಶಿಫಾರಸು, ಇನ್ನೊಂದು ಕಡೆ ಆ ಕಣ್ಣು. ನಾನು ತಟ್ಟೆ ಎತ್ತಿಕೊಂಡು ಒಳಗೆ ಇಟ್ಟುಬಂದೆ. ಮುಕದ್ದಮರ ಕತ್ತು ಅಡುಗೆಮನೆಯ ತನಕ ಕಡುಬಿನ ಹಿಂದೆಯೇ ಬಂತು.

ನಿಮಗೆ ಅವಮಾನವಾಯಿತು. ಅದು ನನಗೆ ಆಗಲೇ ತಿಳಿಯಲಿಲ್ಲ, ವರದಿ ಓದಿ ತಿಳಿಯಿತು. ಅಂದ ಹಾಗೆ, ಅದೇ ವರದಿಯಲ್ಲಿ 'ಮೂವರೂ ಮೂರು ತಟ್ಟೆಯಲ್ಲಿ ಪರಕೀಯರಂತೆ ಉಣ್ಣುತ್ತಾರೆ' ಎಂದೂ ಬರೆದಿದ್ದೀರಿ. ನಿಜ. ಶುಕ್ರವಾರ ಗೋಧಿ ರವೆಯ ಕುಸ್‌ಕುಸ್‌ಗೆ ಊರೆಲ್ಲ ಒಂದೇ ಹರಿವಾಣಕ್ಕೆ ಕೈ ಹಾಕುವಾಗ ನಮ್ಮ ಮನೆಯಲ್ಲಿ ಮೂರು ತಟ್ಟೆ. ಇದ್ರಿಸನಿಗೆ ತರಕಾರಿಯ ರಸ ತಾಗಿದ ಕಾಳು ಆಗದು, ನುಹೈಲಾಳಿಗೆ ಬಿಳಿಯದಲ್ಲದ್ದು ಆಗದು, ನನಗೆ ಇನ್ನೊಬ್ಬರ ಬೆರಳು ತಾಗಿದ್ದು ಆಗದು. ಹೀಗೆ ಒಬ್ಬರ ತಟ್ಟೆ ಇನ್ನೊಬ್ಬರಿಗೆ ಆಗದವರು ಒಟ್ಟಿಗೆ ಕೂತು, ಹೊಟ್ಟೆ ತುಂಬ ಉಂಡು, ಜಗಳವಿಲ್ಲದೆ ಏಳುತ್ತೇವೆ. ಒಂದೇ ಹರಿವಾಣದಲ್ಲಿ ಉಣ್ಣುವ ಎಷ್ಟು ಮನೆಗಳ ಬಗ್ಗೆ ಹೀಗೆ ಹೇಳಬಲ್ಲಿರಿ?

ಇಲ್ಲಿಯವರೆಗಿನದನ್ನು ನಾನು ನುಂಗಿಕೊಳ್ಳುತ್ತಿದ್ದೆ. ಕಲ್ಲಿನಂಥವಳು ಅನ್ನಿಸಿಕೊಂಡು ಅಭ್ಯಾಸವಿದೆ. ಆದರೆ ಆ ದಿನ ನೀವು ಇನ್ನೊಂದು ಕೆಲಸ ಮಾಡಿದಿರಿ. ಮೇಜಿನ ಪಕ್ಕ ಬಗ್ಗಿ, ಸ್ವಂತ ಮಗಳನ್ನು ಕರೆಯುವ ಹಾಗೆ ಬಿಂತಿ ಎಂದು ಕರೆದು, ನುಹೈಲಾಳ ಜೊತೆ ಮಾತಿಗಿಳಿದಿರಿ. ಅವಳು ಅಪರಿಚಿತರ ಜೊತೆ ಮಾತಾಡುವುದೇ ಅಪರೂಪ. ನೀವು ಕೇಳಿದ್ದನ್ನು, ಅವಳು ಹೇಳಿದ್ದನ್ನು ಮನೆಯಲ್ಲಿದ್ದವರೆಲ್ಲ ಕೇಳಿದ್ದೇವೆ.

"ಬಿಂತಿ, ನನ್ ಜೊತೆ ಬರ್ತೀಯಾ? ತುಂಬಾ ಮಕ್ಳಿರೋ ದೊಡ್ಡ ಮನೆ. ಅಲ್ಲಿರ್ತೀಯಾ?"

"ಬೇಡ."

"ಉಯ್ಯಾಲೆ ಇದೆ ಕಣೇ. ಬರ್ತೀಯಾ?"

"ಬೇಡ."

"ನಾಚ್ಕೋತೀಯಾ! ಗೊಂಬೆ ಕೊಡಿಸ್ತೀನಿ, ಬರ್ತೀಯಾ ತಾನೆ?"

"ಬೇಡ."

ನೀವು ನಗುತ್ತಾ ಮತ್ತೊಮ್ಮೆ ಕೇಳಿದಿರಿ. ಅವಳು ಬಾಯಿ ಮುಚ್ಚಿಕೊಂಡಳು. ಎರಡೂ ಕೈಗಳಿಂದ ಮೂಗೂ ಮುಚ್ಚಿಕೊಂಡಳು. ವರ್ಷದ ಮೇಲಾಗಿತ್ತು ಅವಳು ಹಾಗೆ ಮಾಡಿ. ಆ ಮೌನದ ಬಗ್ಗೆ ನಿಮ್ಮ ವರದಿ ಏನು ಹೇಳುತ್ತದೆಂದರೆ: 'ಆರಂಭದ ಸಂಕೋಚದ ನಂತರ ಮಗು ಸ್ಥಳಾಂತರಕ್ಕೆ ಆಕ್ಷೇಪ ವ್ಯಕ್ತಪಡಿಸಲಿಲ್ಲ.'

ಆಹಾ! ಮದುವೆ ಮಾತುಕತೆಯಲ್ಲಿ ಹುಡುಗಿ ತಲೆ ತಗ್ಗಿಸಿ ಸುಮ್ಮನಿದ್ದರೆ ಒಪ್ಪಿಗೆ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಆರು ವರ್ಷದ ಮಗುವಿಗೂ ಅದೇ ಲೆಕ್ಕ ಅನ್ವಯಿಸಿದ ನಿಮ್ಮ ಸಂಪ್ರದಾಯನಿಷ್ಠೆಗೆ ಏನೆನ್ನಲಿ? ನಿಮ್ಮದೊಂದು ಬೇಡವನ್ನು ನಾನು ನಂಬಿದೆ; ಅದು ಭಾವನೆಯ ಕೊರತೆಯಾಯಿತು. ಅವಳ ಮೂರು ಬೇಡಗಳನ್ನು ನೀವು ನಂಬಲಿಲ್ಲ. ಅದು ಅನುಭವೀ ಅಧಿಕಾರಿಯ ಸೂಕ್ಷ್ಮತೆಯಾಯಿತು. ಊಟ ಮಾಡಿ ಬಂದಿದ್ದೇವೆ ಎಂದು ದೇವರ ಆಣೆ ಹಾಕಿ ಹೇಳಿದವರು ನೀವು. ಅದನ್ನು ನಾನು ಸುಳ್ಳೆಂದು ಎಣಿಸಲಿಲ್ಲ ಎಂಬುದೇ ನನ್ನ ರೋಗವಾದರೆ, ರೋಗ ಯಾರದು?

ವರದಿ ಬಂದ ದಿನ ಲಲ್ಲಾ ತಾಮು ನನಗೆ ಸರಿಯಾಗಿ ಬೈದರು. "ಇನ್ನೊಂದ್ಸಲ ಬಾಯ್ಬಿಡಕ್ಕೆ ಏನಾಗಿತ್ತೇ ನಿಂಗೆ? ನಾನಿದ್ದಿದ್ರೆ ಆ ಅಮ್ಮನ್ನ ಗೋಡೆಗೆ ಒರಗ್ಸಿ ಕುಡಿಸ್ತಿದ್ದೆ!" ಅಂದರು. ಆಮೇಲೆ ತಾವೇ ಅಡುಗೆಮನೆಗೆ ಹೋಗಿ, ನನಗೊಂದು ಲೋಟ ಚಹಾ ಮಾಡಿ ತಂದು, "ಬೇಕಾ?" ಎಂದು ಒಂದೇ ಸಲ ಕೇಳಿದರು. ನಾನು ಬೇಡ ಅಂದೆ. ಲೋಟ ಪಕ್ಕಕ್ಕಿಟ್ಟು ನನ್ನ ಬಳಿ ಸುಮ್ಮನೆ ಕೂತರು. ಮಾತೃಸಹಜ ಆದರ ಎಂದರೇನು ಎಂಬುದಕ್ಕೆ ನಿಮ್ಮ ಕಚೇರಿ ಬೇರೆ ಯಾವುದಾದರೂ ವ್ಯಾಖ್ಯಾನ ಇಟ್ಟುಕೊಂಡಿದ್ದರೆ ದಯವಿಟ್ಟು ಕಳಿಸಿ.

ಇದ್ರಿಸ್ ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುವ ಹುಡುಗ. ಔಷಧದ ಡಬ್ಬಿ, ಮೀನಿನ ಡಬ್ಬಿ, ಯಾವುದೂ ಆದೀತು. ಮೇಜಿನ ಮೇಲಿದ್ದ ನಿಮ್ಮ ವರದಿಯನ್ನೂ ಓದಿದ. ನಾನು ಕೆಳಗೆ ಅಂಗಡಿಯಲ್ಲಿದ್ದೆ. ಮೇಲೆ ಬರುವಷ್ಟರಲ್ಲಿ ನುಹೈಲಾ ತನ್ನ ಬೇಡದ ಬಗ್ಗೆ, ನಾಚಿಕೆಯ ಬಗ್ಗೆ, ಸೋಮವಾರದ ಬಗ್ಗೆ ಎಲ್ಲ ಕೇಳಿಸಿಕೊಂಡಾಗಿತ್ತು.

ಮಾರನೆಯ ದಿನ ಲಲ್ಲಾ ತಾಮು ಹರೀರಾ ತಂದರು, ಜೊತೆಗೆ ಪುಟ್ಟ ಬಟ್ಟಲಲ್ಲಿ ಕಡಲೆಕಾಳು. ವಾಡಿಕೆಯಂತೆ, "ಸಾರು ಬೇಕಾ ಬಿಂತಿ?" ಅಂದರು. ಪ್ರತಿ ಸಲ ಬೇಡ ಎನ್ನುತ್ತಿದ್ದ ಹುಡುಗಿ ಅಂದು, "ಹೂಂ" ಅಂದಳು. ಟೊಮೆಟೊ ಸಿಪ್ಪೆ, ಬೇಳೆ, ಶ್ಯಾವಿಗೆ, ಅವಳು ಮುಟ್ಟಲೂ ಹೆದರುವುದೆಲ್ಲ ಆ ಬಟ್ಟಲಲ್ಲಿತ್ತು. ಪೂರ್ತಿ ಕುಡಿದಳು.

"ಅಲ್ಲಾ! ಕುಡಿದ್ಲು ಕಣೇ ಬತೂಲ್! ನೋಡೇ ಇಲ್ಲಿ, ಬಟ್ಲು ಖಾಲಿ!" ಎಂದು ಲಲ್ಲಾ ತಾಮು ಹಿಗ್ಗಿ ಕೂಗಿಕೊಂಡರು. ಅವರ ಕೂಗು ಮುಗಿಯುವ ಮೊದಲೇ ನುಹೈಲಾ ಅದನ್ನೆಲ್ಲ ಅವರ ಮಡಿಲಿಗೇ ಕಾರಿಕೊಂಡಳು.

ಬಾಯಿ ಒರೆಸಿ ಕೇಳಿದೆ, ಯಾಕಮ್ಮ ಕುಡಿದೆ, ನಿನಗೆ ಬೇಡವಾಗಿತ್ತಲ್ಲ ಎಂದು. ಅವಳು ನನ್ನ ತೋಳಿನ ಗುಂಡಿ ನೋಡುತ್ತಾ ಹೇಳಿದಳು:

"ಆ ಮೇಡಂಗೆ ಬೇಡ ಅಂದೆ. ಕಳಿಸ್ತಿದಾರೆ. ಇನ್ಮೇಲೆ ಬೇಡ ಅನ್ನಲ್ಲ ಯಮ್ಮಾ."

ಅಂದಿನಿಂದ ಅವಳು ಎಲ್ಲದಕ್ಕೂ ಹೂಂ ಅನ್ನುತ್ತಾಳೆ. ಚುಚ್ಚುವ ಸ್ವೆಟರಿಗೆ ಹೂಂ. ಕೂದಲು ಬಾಚಲು ಹೂಂ, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಹೂಂ. ಯಾರು ನೋಡಿದರೂ ಎಷ್ಟು ಒಳ್ಳೆಯ ಮಗು ಅನ್ನುತ್ತಾರೆ. ನಿಮ್ಮ ಅನಾಥಾಲಯಕ್ಕೆ ಹೇಳಿ ಮಾಡಿಸಿದ ಮಗು. ಎರಡು ವರ್ಷದಲ್ಲಿ ನಾವು ಮೂವರು ಕಟ್ಟಿದ್ದನ್ನು ನೀವು ಒಂದು ಸಾಲಿನಲ್ಲಿ ಒರೆಸಿ ಹಾಕಿದಿರಿ. ನನಗೆ ಸಿಟ್ಟು ಬಂದಿದೆ. ಸಿಟ್ಟಿಗಿಂತ ಹೆಚ್ಚು ಭಯವಾಗಿದೆ. ಇದು ಭಾವನಾತ್ಮಕ ಸ್ಪಂದನೆ ಹೌದೋ ಅಲ್ಲವೋ ಎಂದು ನಿಮ್ಮ ತಜ್ಞರನ್ನು ಕೇಳಿ ತಿಳಿಸಿ.

ಹೆಸರಿನ ವಿಷಯ ಹೇಳುತ್ತೇನೆ ಅಂದಿದ್ದೆ. ಈ ಪತ್ರದಲ್ಲಿ ಹೆಸರು ಹಾಕಲೇ ಎಂದು ಮಕ್ಕಳಿಬ್ಬರನ್ನೂ ಕೇಳಿದೆ. ಇದ್ರಿಸ್ ಯೋಚಿಸಿ, ಹಾಕು, ಆದರೆ ಫೋಟೋ ಬೇಡ ಅಂದ. ಮಗಳು ತಕ್ಷಣ ಹೂಂ ಅಂದಳು. ಬೇಡ ಅನ್ನಲು ಹೆದರುವವಳ ಹೂಂ ತೆಗೆದುಕೊಂಡು ನಾನೇನು ಮಾಡಲಿ? ಅದಕ್ಕೇ ಬೇರೆ ಹೆಸರು ಇಟ್ಟೆ.

ನನ್ನ ಬೇಡಿಕೆ ಸಣ್ಣದು. ನನಗೆ ನಿಮ್ಮ ಕ್ಷಮೆ ಬೇಡ, ಆಟಿಸಂನ ಕೆಳಗಿನ ಗೆರೆಯನ್ನೂ ಅಳಿಸಬೇಡಿ, ಇರಲಿ. ಸೋಮವಾರಕ್ಕೆ ಮುಂಚೆ ಇನ್ನೊಂದು ಸಲ ನಮ್ಮ ಮನೆಗೆ ಬನ್ನಿ. ಮುಕದ್ದಮರನ್ನೂ ಕರೆತನ್ನಿ, ಅವರ ಕಡುಬು ಎತ್ತಿಟ್ಟಿದ್ದೇವೆ. ಚಹಾ ಬೇಕೇ ಎಂದು ನಾನು ಒಂದು ಸಲ ಕೇಳುತ್ತೇನೆ. ಬೇಕಿದ್ದರೆ ಹೂಂ ಅನ್ನಿ, ಬೇಡವಾಗಿದ್ದರೆ ಬೇಡ ಅನ್ನಿ, ಆಣೆ ಪ್ರಮಾಣ ಏನೂ ಬೇಕಿಲ್ಲ. ಆಮೇಲೆ ನನ್ನ ಮಗಳ ಎದುರು ಕೂತು, ನಾಚ್ಕೋತೀಯಾ ಅನ್ನದೆ, ಗೊಂಬೆ ತೋರಿಸದೆ ಹೀಗೆ ಹೇಳಿ: ಅವತ್ತು ನೀನು ಬೇಡ ಅಂದೆ, ನನಗೆ ಕೇಳಿಸಿತು. ಅಷ್ಟು ಹೇಳಿ, ಅವಳ ಕಣ್ಣೆದುರೇ ನಿಮ್ಮ ವರದಿಯ ಆ ಸಾಲನ್ನು ಹೊಡೆದುಹಾಕಿ, 'ಮಗು ಬೇಡ ಎಂದಿತು' ಎಂದು ಬರೆದು ನ್ಯಾಯಾಧೀಶರಿಗೆ ಕಳಿಸಿ. ಇದ್ರಿಸ್ ಅದನ್ನು ಗಟ್ಟಿಯಾಗಿ ಓದುತ್ತಾನೆ.

ನೀವು ಎದ್ದು ಹೋದ ಮೇಲೆ ನಾನು ಅವಳಿಗೆ ಸಾರು ಬೇಕಾ ಎಂದು ಕೇಳುತ್ತೇನೆ. ಅವಳು ಬೇಡ ಅನ್ನಬೇಕು. ನನಗೆ ಬೇಕಾದದ್ದು ಅಷ್ಟೇ.

ಇಂತಿ,
ಯಾರನ್ನೂ ಎರಡನೇ ಸಲ ಕೇಳದವಳು, ಆದರೆ ನಿಮ್ಮನ್ನು ಎಷ್ಟು ಸಲ ಬೇಕಾದರೂ ಕೇಳಲಿರುವವಳು,
ಬತೂಲ್
ಹೊಲಿಗೆ ಯಂತ್ರ ರಿಪೇರಿಯವಳು, ಇಬ್ಬರು ಮಕ್ಕಳ ಯಮ್ಮಾ
(ನಿಮ್ಮ ಲೆಕ್ಕದಲ್ಲಿ, ಸೋಮವಾರದವರೆಗೆ)